ಉಸಿರಿಲ್ಲದ ದನಿ

"ಮಾತ್ರೆ ಡಬ್ಬಿ ತುಂಬಿದ ಹಾಗೇ ಇದೆಯಲ್ಲ ಅತ್ತೆ. ನಾಲ್ಕು ದಿನದಿಂದ ನುಂಗೇ ಇಲ್ವಾ?"

ಸೊಸೆ ದಾರದ ಉಂಡೆ ಹುಡುಕಲು ಹೊಲಿಗೆ ಯಂತ್ರ ಬಿಟ್ಟು ಎದ್ದಿದ್ದಳು. ಕಪಾಟಿನಲ್ಲಿ ರಕ್ತದೊತ್ತಡದ ಮಾತ್ರೆಯ ಡಬ್ಬಿ ಕೈಗೆ ಸಿಕ್ಕಿತು. ದಿನಕ್ಕೊಂದು ಎಂದು ವಾರದ ಮಾತ್ರೆ ಹಾಕಿಟ್ಟವಳು ಅವಳೇ.

"ಇನ್ನೂ ಐದು ದಿನ ನುಂಗಲ್ಲ," ಎಂದರು ಅತ್ತೆ. "ಗುರುಗಳ ಅಪ್ಪಣೆ ಆಗಿದೆ."

"ಯಾವ ಗುರುಗಳು?"

"ನಮಗೇನು ಹತ್ತು ಜನ ಇದಾರಾ? ನಮ್ಮ ಗುರುಗಳೇ ಕಣೇ."

ಸೊಸೆಗೆ ಅರ್ಥವಾಗಲಿಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿ ಗುರುಗಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮೂವತ್ತು ವರ್ಷ ಪ್ರಾರ್ಥನಾ ಮಂದಿರವನ್ನು ತುಂಬಿದ್ದ ದನಿ ಅಂದಿಗೆ ನಿಂತಿತ್ತು. ಅವರಿಗೆ ದಣಿವಾಗಬಾರದೆಂದು ಜನ ಬಾಗಿಲಲ್ಲೇ ಕೈಮುಗಿದು ಹಿಂತಿರುಗುತ್ತಿದ್ದರು. ಒಳಗೆ ಹೋಗಿ ಏನಾದರೂ ಕೇಳುವುದು ಮರ್ಯಾದೆಯಲ್ಲ ಎಂದು ಎಲ್ಲರೂ ಅಂದುಕೊಂಡುಬಿಟ್ಟಿದ್ದರು.

ಅತ್ತೆ ಫೋನಿನ ಗುಂಡಿ ಒತ್ತಿದರು. ಪ್ರಾರ್ಥನಾ ಬಳಗದ ಗುಂಪಿಗೆ ಬಂದಿದ್ದ ಧ್ವನಿ ಸಂದೇಶ ಅದು.

"ನನ್ನ ಮಕ್ಕಳೇ, ನನ್ನ ದನಿ ಮರಳಿ ಬಂದಿದೆ. ನಂಬಿದವರ ದೇಹಕ್ಕೆ ಔಷಧ ಬೇಡ. ಒಂಬತ್ತು ದಿನ ಮಾತ್ರೆ ಮುಟ್ಟಬೇಡಿ. ಇದನ್ನು ಒಂಬತ್ತು ಮಂದಿಗೆ ಕಳಿಸಿ..."

ಸೊಸೆ ಫೋನಿನ ಹತ್ತಿರ ಬಾಗಿದಳು. ಅದೇ ದನಿ, ಪದದ ಕೊನೆಯನ್ನು ಮೆಲ್ಲಗೆ ಇಳಿಸುವ ಅದೇ ರೀತಿ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅವಳ ಅಳು ನಿಲ್ಲಿಸಿದ್ದ ದನಿ. ಅವಳು ಡಬ್ಬಿ ಹಿಡಿದುಕೊಂಡೇ ನಿಂತಳು.

"ನೀನು ಒಂಬತ್ತು ಮಂದಿಗೆ ಕಳಿಸು. ನನ್ನದು ಮುಗೀತು," ಎಂದರು ಅತ್ತೆ.

ಅಷ್ಟರಲ್ಲಿ ನರ್ಸಕ್ಕ ಬಂದರು. ತಿಂಗಳಿಗೊಮ್ಮೆ ಮನೆಮನೆಗೆ ಬಂದು ಬಿಪಿ ನೋಡುವ ಆರೋಗ್ಯ ಕಾರ್ಯಕರ್ತೆಗೆ ಆ ಬೀದಿಯಲ್ಲಿ ಅದೇ ಹೆಸರು. ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ನೂರ ತೊಂಬತ್ತಕ್ಕೆ ನೂರ ಹತ್ತು.

"ತಲೆ ಭಾರ ಇದೆಯಾ ಅಮ್ಮ?"

"ಹೊಸ ಕನ್ನಡಕ ಹಾಕ್ಕೊಂಡಿದೀನಿ. ಅದರ ಭಾರ ಇರಬೇಕು."

"ತಮಾಷೆ ಬೇಡ. ಬಿಪಿ ಹೀಗೇ ಇದ್ರೆ ಮೆದುಳಿನ ರಕ್ತನಾಳ ಒಡೀಬಹುದು. ಕೈಕಾಲು ಬಿದ್ದುಹೋಗಬಹುದು, ಜೀವಾನೂ ಹೋಗಬಹುದು."

"ಗಂಟಲೇ ಇಲ್ಲದವರು ಮಾತಾಡ್ತಿದಾರೆ. ಅದರ ಮುಂದೆ ನಿನ್ನ ಪಟ್ಟಿ ಯಾವ ಲೆಕ್ಕ?"

ನರ್ಸಕ್ಕ ಜಗಳಕ್ಕೆ ಹೋಗಲಿಲ್ಲ. ಸೊಸೆಯಿಂದ ವಿಷಯ ತಿಳಿದು, ಸಂದೇಶವನ್ನು ಹಾಕಿಸಿ ಕೇಳಿದರು. ಎರಡನೇ ಸಲ ಕೇಳುವಾಗ ಕೈಗಡಿಯಾರ ನೋಡುತ್ತಿದ್ದರು.

"ಮಗುಗೆ ಕಫ ಕಟ್ಟಿದ್ರೆ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೆ ಅಂತ ಎಣಿಸೋದು ನನ್ನ ಕೆಲಸ ಅಮ್ಮ. ಅದೇ ಅಭ್ಯಾಸದಲ್ಲಿ ಇದನ್ನೂ ಎಣಿಸಿದೆ. ಒಂದೂವರೆ ನಿಮಿಷದ ಮಾತು. ಒಂದು ಸಲಾನೂ ಉಸಿರು ತಗೊಂಡಿಲ್ಲ."

ಅತ್ತೆ ಫೋನನ್ನು ಕಿವಿಗೆ ಹಿಡಿದು ತಾವೂ ಕೇಳಿದರು. ಗುರುಗಳು ಪ್ರತಿ ಸಾಲಿಗೂ ಮೊದಲು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಆ ಸದ್ದಿಗೆ ಮಂದಿರಕ್ಕೆ ಮಂದಿರವೇ ಉಸಿರು ಬಿಗಿಹಿಡಿಯುತ್ತಿತ್ತು.

"ಇದೊಂದರಿಂದಲೇ ಸುಳ್ಳು ಅಂತ ಹೇಳೋಕಾಗಲ್ಲ," ಎಂದರು ನರ್ಸಕ್ಕ. "ಆದ್ರೆ ಈಗ ಹಳೇ ಮಾತು ಸ್ವಲ್ಪ ಕೊಟ್ರೆ ಸಾಕು, ಕಂಪ್ಯೂಟರ್ ಅದೇ ದನೀಲಿ ಹೊಸ ಮಾತು ಆಡುತ್ತೆ. ಗುರುಗಳ ಪ್ರವಚನ ಎಲ್ಲಾ ಇಂಟರ್‌ನೆಟ್‌ನಲ್ಲಿದೆ. ಅವರನ್ನೇ ಕೇಳೋಣ ಬನ್ನಿ. ಆಸ್ಪತ್ರೆ ದಾರೀಲೇ ಅವರ ಮನೆ."

"ಗುರುಗಳನ್ನ ಪರೀಕ್ಷೆ ಮಾಡೋದಾ?"

"ಗುರುಗಳನ್ನಲ್ಲ ಅಮ್ಮ, ಫೋನನ್ನ."

ಮೂವರೂ ಹೋದರು. ಎರಡು ವರ್ಷದಲ್ಲಿ ಮೊದಲ ಸಲ ಅತ್ತೆ ಆ ಹೊಸ್ತಿಲು ದಾಟಿದರು. ಕಬ್ಬಿಣದ ಮಂಚ, ಕಿಟಕಿ ಪಕ್ಕ ಕುರ್ಚಿ, ಮಡಿಲಲ್ಲಿ ಸ್ಲೇಟು. ಗುರುಗಳ ಕತ್ತಿನ ಬುಡದಲ್ಲಿ, ಅವರು ಈಗ ಉಸಿರಾಡುವ ರಂಧ್ರದ ಮೇಲೆ, ತೆಳುವಾದ ಬಿಳಿ ಬಟ್ಟೆ ಇತ್ತು.

ಅತ್ತೆ ದಿನದ ಒಂದು ಮಾತ್ರೆ ಬಿಟ್ಟದ್ದನ್ನು ಹೇಳಿ ಸೊಸೆ ಸಂದೇಶ ಕೇಳಿಸಿದಳು.

ಗುರುಗಳ ಕೈ ಗಂಟಲಿಗೆ ಹೋಯಿತು. ಕಣ್ಣು ತುಂಬಿತು. ಇನ್ನೊಮ್ಮೆ ಎಂದು ಬೆರಳಲ್ಲಿ ಸನ್ನೆ ಮಾಡಿದರು. ಕಳೆದುಕೊಂಡ ದನಿಯನ್ನು ಅದರ ಒಡೆಯರೇ ತಲೆಬಾಗಿಸಿ ಕೇಳುತ್ತಿದ್ದರು. ಬಟ್ಟೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಫೋನಿನಲ್ಲಿ ಉಸಿರಿಲ್ಲದ ದನಿ, ಎದುರಿಗೆ ದನಿಯಿಲ್ಲದ ಉಸಿರು.

ಆಮೇಲೆ ಅವರು ಬರೆದರು: "ದನಿ ನನ್ನದು. ಮಾತು ನನ್ನದಲ್ಲ."

ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದರು: "ನಾನು ದಿನಕ್ಕೆ ಐದು ಮಾತ್ರೆ ನುಂಗುತ್ತೇನೆ. ನೀನು ಒಂದಕ್ಕೆ ಹೆದರುತ್ತೀಯಾ ತಾಯಿ?"

ಸ್ಲೇಟಿನಲ್ಲಿದ್ದುದನ್ನು ಸೊಸೆ ಓದಿ ಹೇಳಿದಳು. ಗುರುಗಳು ತಮ್ಮ ನೀರಿನ ಲೋಟವನ್ನು ಅತ್ತೆಯ ಕಡೆ ಸರಿಸಿದರು. ಸೊಸೆ ತಂದಿದ್ದ ಡಬ್ಬಿಯಿಂದ ಅತ್ತೆ ಅಲ್ಲೇ ಮಾತ್ರೆ ನುಂಗಿ, ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ಆ ಸಂದೇಶ ಮಾಡಿದ್ದು ಯಾರು ಎಂಬುದು ಇನ್ನೂ ತಿಳಿದಿಲ್ಲ.

ಮೂರನೇ ದಿನ ಬಿಪಿ ಇಳಿದಿತ್ತು. ತಾವು ಸಂದೇಶ ಕಳಿಸಿದ್ದ ಒಂಬತ್ತು ಮಂದಿಗೂ ಅತ್ತೆ ಫೋನ್ ಬಾಯಿಗೆ ಹಿಡಿದು, ಕೆಮ್ಮಿ, ಏದುಸಿರು ಬಿಡುತ್ತಾ ಹೇಳಿದರು: "ನಾನು ಕಳಿಸಿದ್ದು ಸುಳ್ಳು. ಗುರುಗಳನ್ನೇ ಕೇಳಿ ಬಂದೆ. ಮಾತ್ರೆ ಬಿಟ್ಟಿದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗಿ." ಎಂಟು ಮಂದಿ ಉತ್ತರ ಕೊಟ್ಟರು. ಒಂಬತ್ತನೆಯಾಕೆ ಉತ್ತರಿಸಲಿಲ್ಲ, ಫೋನ್ ಮಾಡಿದರೂ ಎತ್ತಲಿಲ್ಲ.

ಅತ್ತೆ ಚಪ್ಪಲಿ ಮೆಟ್ಟಿದರು. "ಬಾರೇ, ಅವಳ ಮನೆಗೇ ಹೋಗಿ ಬರೋಣ."

ಓದುಗರೇ, ಈ ಸಲ ಸುಳ್ಳು ದನಿಯಲ್ಲಿ ಉಸಿರು ಸಿಗಲಿಲ್ಲ. ನಾಳೆ ಯಂತ್ರ ಉಸಿರಾಡುವುದನ್ನೂ ಕಲಿತೀತು. ಆದ್ದರಿಂದ ಕಿವಿಯೊಂದನ್ನೇ ನೆಚ್ಚಬೇಡಿ. ನೀವು ಪೂಜಿಸುವವರ ದನಿಯಲ್ಲಿ, ಮುಖದಲ್ಲಿ, ಮಾತ್ರೆ ಬಿಡಿ ಎಂದೋ ಪಕ್ಕದವರನ್ನು ದ್ವೇಷಿಸಿ ಎಂದೋ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಬೆರಳನ್ನು ತಡೆಯಿರಿ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಆ ಮಾತು ಯಾರದೆಂದು ಹೇಳುತ್ತಾರೋ ಅವರ ಬಾಗಿಲು ತಟ್ಟಿ ಕೇಳಿ. ಕೇಳಿದ ಮಾತ್ರಕ್ಕೆ ಭಕ್ತಿ ಕಡಿಮೆಯಾಗುವುದಿಲ್ಲ. ತಪ್ಪಾಗಿ ಕಳಿಸಿದ್ದರೆ, ಒಂಬತ್ತನೆಯವರ ಮನೆಯವರೆಗೂ ನಡೆಯಿರಿ.