ಕಪ್ಪಿನೊಳಗಿನ ಹಸಿರು

ಇನ್ನೊಂದು ತೊಟ್ಟು ಹಾಕಿದರೆ ಕಟ್ಟಿಕೊಂಡದ್ದು ಬಿಟ್ಟುಕೊಳ್ಳಬಹುದು ಅನ್ನಿಸಿತು. ಸಿರಿಂಜಿನ ತುದಿಯಿಂದ ಬೆಚ್ಚಗಿನ ನೀರನ್ನು ಪ್ರಿಂಟರಿನ ಇಂಕು ಚಿಮ್ಮುವ ಹೆಡ್ ಮೇಲೆ ಮೆಲ್ಲಗೆ ಇಳಿಸಿ ಕಾದ. ಕೆಳಗೆ ಹಾಸಿದ್ದ ಟಿಶ್ಯೂ ಕಾಗದ ಬೆಳ್ಳಗೇ ಇತ್ತು. ಯಾವುದೋ ಕಚೇರಿಯವರು ಕಸಕ್ಕೆ ಎಸೆದಿದ್ದ ಯಂತ್ರ. ಬಹಳ ಕಾಲ ಯಾರೂ ಮುಟ್ಟದೆ, ಇಂಕು ಒಣಗಿ, ಕೂದಲಿಗಿಂತ ಸಣ್ಣ ತೂತುಗಳೆಲ್ಲ ಕಟ್ಟಿಕೊಂಡಿದ್ದವು. ದಿನಾ ಒಂದಿಷ್ಟು ಕೆಲಸ ಮಾಡಿಸಿದರೆ ಇವು ಹಾಳಾಗುವುದಿಲ್ಲ, ಸುಮ್ಮನಿಟ್ಟರೇ ಕೆಡುವುದು ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

"ಕೇಳಿಸ್ತೇನ್ರೀ? ದೊಡ್ಡ ಸೂಟ್‌ಕೇಸಿನ ಬೀಗದ ಕೈ ಎಲ್ಲಿ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅಲ್ಲೇ ಇರ್ಬೇಕು."

"ಅಲ್ಲೇ ಅಂದ್ರೆ?"

"ಇಡೋ ಜಾಗದಲ್ಲಿ."

ಅವಳು ಹುಡುಕಲು ಹೋದಳು. ಅವನು ಮತ್ತೊಂದು ತೊಟ್ಟು ಬಿಟ್ಟ.

ಇವತ್ತು ಮಧ್ಯಾಹ್ನದ ಮೇಲೆ ಅವಳು ಹೊರಡುವವಳು. ವಿಮಾ ಕಚೇರಿಯವರು ದೂರದ ಊರಿಗೆ ವರ್ಗ ಮಾಡಿದ್ದರು. ಮಾಡಿದ್ದರು ಅನ್ನುವುದು ತಪ್ಪು. "ನಾನೇ ಕೇಳಿಕೊಂಡೆ" ಎಂದು ಅವಳು ಒಂದು ದಿನ ಊಟದ ನಡುವೆ ಹೇಳಿದ್ದಳು. ಹೇಳಿ, ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಅವನ ಮುಖ ನೋಡಿದ್ದಳು. ಹೋಗಬೇಡ ಅಂದಿದ್ದರೆ ಸಾಕಿತ್ತು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಅಲ್ಲಿ ಚಳಿ ಜಾಸ್ತಿಯಂತಲ್ಲ?" ಎಂದು ಅವನು ಕೇಳಿದ್ದ. "ಹೌದಂತೆ" ಎಂದು ಅವಳು ಊಟ ಮುಂದುವರಿಸಿದ್ದಳು.

ಆಮೇಲೆ ಅವನು ಬಚ್ಚಲುಮನೆಯ ಕನ್ನಡಿಯ ಮುಂದೆ ಆ ಮಾತನ್ನು ಹೇಳಿ ನೋಡಿದ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ಮಾಡಿ ಗಂಟಲು ಕೆಟ್ಟಿತ್ತು. ಹೋಗಬೇಡ ಅನ್ನುವುದು, ತರಗತಿಯ ಹಿಂದಿನ ಬಾಗಿಲಿಂದ ಜಾರುವ ಹುಡುಗನನ್ನು ಗದರಿಸಿದ ಹಾಗೆ ಕೇಳಿಸಿತು. ಇದು ಬೇಡ, ಬೇರೆ ಹೇಗಾದರೂ ತಿಳಿಸೋಣ ಅಂದುಕೊಂಡ. ಅವಳದೇ ಒಂದು ಹಳೆಯ ಫೋಟೋ ಹುಡುಕಿಟ್ಟುಕೊಂಡ. ಕಿಟಕಿಯ ಪಕ್ಕ ಕೂತು, ಹೊರಗಿನ ಯಾರನ್ನೋ ನೋಡಿ ನಗುತ್ತಿರುವ ಫೋಟೋ. ತೆಗೆದವನು ಅವನೇ. ಅವಳು ಯಾರನ್ನು ನೋಡಿ ನಕ್ಕಿದ್ದಳೋ ನೆನಪಿಲ್ಲ. ಇದನ್ನು ಚೆನ್ನಾಗಿ ಅಚ್ಚು ಹಾಕಿ ಕೊಟ್ಟರೆ ಅವಳಿಗೆ ಅರ್ಥವಾಗುತ್ತದೆ. ಬುದ್ಧಿವಂತೆ.

ಟಿಶ್ಯೂ ಮೇಲೆ ಕೊನೆಗೂ ಒಂದು ಕಪ್ಪು ಚುಕ್ಕೆ ಬಿದ್ದು ಹರಡಿತು. ಅವನಿಗೆ ಹೋದ ಜೀವ ಬಂತು.

ಆ ಕೋಣೆಯ ತುಂಬ ಇಂಥವೇ ಯಂತ್ರಗಳು. ಭಾವಮೈದುನ ಅವನಿಗೆ 'ಗುಜರಿ ಭಾವ' ಎಂದು ಹೆಸರಿಟ್ಟಿದ್ದ. ಅವುಗಳ ಬಣ್ಣದ ಇಂಕನ್ನೆಲ್ಲ ಇವನು ತೆಗೆದು, ತೊಳೆದು, ಆ ಜಾಗಕ್ಕೆ ಬೂದಿ ಬಣ್ಣದ ಇಂಕು ತುಂಬುತ್ತಿದ್ದ. ಕಡುಬೂದಿ, ನಡುಬೂದಿ, ತಿಳಿಬೂದಿ. ಕಪ್ಪು ಇಂಕಿಗೆ ಶುದ್ಧ ನೀರು ಬೆರೆಸಿ ಅವನೇ ಮಾಡಿಕೊಂಡವು. ಇನ್ನು ಆ ಯಂತ್ರ ಜನ್ಮದಲ್ಲಿ ಕೆಂಪು ಹಸಿರು ಅಚ್ಚು ಹಾಕುವ ಹಾಗಿಲ್ಲ. ಅದೇ ಅವನಿಗೆ ಬೇಕಾಗಿದ್ದುದು.

ಯಾಕೆಂದರೆ ಅವನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ಕಣ್ಣಿನ ಡಾಕ್ಟರು ತೋರಿಸಿದ ಬಣ್ಣದ ಚುಕ್ಕೆಗಳೊಳಗೆ ಉಳಿದವರೆಲ್ಲ ಅಂಕಿ ಓದಿದರು. ಇವನಿಗೆ ಬರೀ ಚುಕ್ಕೆ. ಮನೆಯಲ್ಲಿ ಹೇಳಲಿಲ್ಲ. ಮದುವೆಗೆ ಮುಂಚೆ ಹೇಳುವಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ, ಮದುವೆಯಾದ ಮೇಲೆ ಹೇಳುವುದಕ್ಕೆ ತಡವಾಗಿತ್ತು. ಕಪ್ಪು ಬಿಳುಪಿನ ಫೋಟೋಗಳಲ್ಲಿ ಮಾತ್ರ ಅವನಿಗೆ ಯಾರ ಭಯವೂ ಇರಲಿಲ್ಲ. ಅಲ್ಲಿ ಅವನು ಎಲ್ಲರ ಸಮ. ಒಂದು ಕೈ ಮೇಲೆ ಅಂತಲೂ ಅಂದುಕೊಂಡಿದ್ದ.

ಅಚ್ಚು ಬಂತು. ಅಂಚು ಹಿಡಿದು ಹೆಂಡತಿಯ ಕೋಣೆಗೆ ತಂದ. ಹಾಸಿಗೆಯ ಮೇಲೆ ಅವಳ ಬಟ್ಟೆ ಹರಡಿತ್ತು.

"ಮುಟ್ಟಬೇಡ, ಇನ್ನೂ ಒಣಗಿಲ್ಲ. ನಿನ್ನ ಹೊಸ ಮನೆಗೆ."

"ನನ್ನ ಮುಖ ನಾನೇ ಗೋಡೆಗೆ ಹಾಕ್ಕೊಂಡು ನೋಡ್ತಾ ಕೂರ್ಲಾ?" ಅವಳು ನಕ್ಕಳು. ಆಮೇಲೆ ಹತ್ತಿರ ಬಂದು ನೋಡಿದಳು. ಅವನು 'ಚೆನ್ನಾಗಿದೆ'ಗೆ ಕಾದ. ಯಾವತ್ತೂ ಅದನ್ನೇ ಅನ್ನುವವಳು. ಆದರೆ ಊರು ಬಿಡುವವರಿಗೆ ಬಾಯಿ ಸಡಿಲ.

"ಹಸಿರು" ಅಂದಳು.

"ಏನು?"

"ಹಸಿರಾಗಿದೆ ರೀ. ಕೆನ್ನೆ, ಕುತ್ತಿಗೆ ಎಲ್ಲ. ಪಾಚಿ ಕಟ್ಟಿದ ಹಾಗೆ."

"ಇದೊಂದೇನಾ?"

ಅವಳು ಗೋಡೆಯ ಕಡೆ ತಿರುಗಿದಳು. ಗೋಡೆಯ ತುಂಬ ಅವನು ಅಚ್ಚು ಹಾಕಿದ ಫೋಟೋಗಳು.

"ಎಲ್ಲವೂ."

"ಮೊದಲಿಂದಲೂ?"

"ಮೊದಲಿಂದಲೂ."

ಅವನು ಹಾಸಿಗೆಯ ತುದಿಯಲ್ಲಿ, ಅವಳು ಮಡಿಸಿಟ್ಟಿದ್ದ ಬಟ್ಟೆಯ ಮೇಲೇ ಕೂತುಬಿಟ್ಟ. ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ ಮಾಡಿದ್ದು ನೆನಪಾಯಿತು. ಸಹೋದ್ಯೋಗಿಗಳೆಲ್ಲ ಕೈ ಕುಲುಕಿ ಅದ್ಭುತ ಅಂದಿದ್ದರು. ನಿವೃತ್ತರಾದ ಪ್ರಿನ್ಸಿಪಾಲರ ಫೋಟೋ ಈಗಲೂ ಆಫೀಸಿನಲ್ಲಿ ತೂಗುತ್ತಿದೆ, ಪಾಚಿ ಕಟ್ಟಿಕೊಂಡು. ನೋಡಿದವರೆಲ್ಲ ಒಳಗೊಳಗೇ ನಕ್ಕಿರಬೇಕು. ನಕ್ಕಿರದಿದ್ದರೆ ಅಯ್ಯೋ ಪಾಪ ಅಂದಿರಬೇಕು. ಅದು ಇನ್ನೂ ಕೆಟ್ಟದ್ದು.

"ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಹೇಗಿದೆ ಅಂತ ಒಂದಿನ ಕೇಳಿದೀರಾ? ತಂದು ಮುಖದ ಮುಂದೆ ಹಿಡೀತಿದ್ರಿ. ಚೆನ್ನಾಗಿದೆ ಅನ್ನದೆ ಇನ್ನೇನು ಅನ್ಲಿ?" ಅವಳು ಅವನ ಕೆಳಗಿಂದ ಬಟ್ಟೆ ಎಳೆದುಕೊಂಡಳು. "ನಿಮಗೆ ಬಣ್ಣ ತಿಳಿಯಲ್ಲ ಅನ್ನೋದು ನನಗೆ ಮದುವೆಯಾದ ಹೊಸದರಲ್ಲೇ ಗೊತ್ತಾಯ್ತು. ಕಾಯಿ ಟೊಮ್ಯಾಟೋನೆಲ್ಲ ಆರಿಸಿ ಆರಿಸಿ ತಂದಿದ್ರಿ. ನೀವಾಗೇ ಹೇಳ್ತೀರಿ ಅಂತ ಕಾದೆ."

ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಎದ್ದ. ತಪ್ಪು ಎಲ್ಲಿದೆ ಎಂದು ಅವನಿಗೆ ತಕ್ಷಣ ಹೊಳೆದಿತ್ತು. ಅಗ್ಗದ ಕಪ್ಪು ಇಂಕನ್ನು ತೆಳು ಮಾಡಿದರೆ ಅದರೊಳಗೆ ಅಡಗಿರುವ ಹಸಿರು ಹೊರಗೆ ಬರುತ್ತದೆ. ಪುಸ್ತಕದಲ್ಲಿ ಓದಿದ್ದ. ಬಣ್ಣ ಅಳೆಯುವ ಉಪಕರಣ ಕೂಡ ಸಿಗುತ್ತದೆ. ಕೊಂಡಿರಲಿಲ್ಲ. ಅಳೆದರೆ ಗೊತ್ತಾಗಿಬಿಡುತ್ತದಲ್ಲ.

ತಿಳಿಬೂದಿಯ ಬಾಟಲಿಗೆ ಹಸಿರನ್ನು ಅಡಗಿಸುವ ಗುಲಾಬಿ ಇಂಕು ಒಂದು ತೊಟ್ಟು ಬೆರೆಸಿ, ಪರೀಕ್ಷೆಗೆ ಒಂದು ಪಟ್ಟಿ ಅಚ್ಚು ಹಾಕಿ ತಂದ.

"ಹೇಗಿದೆ?"

ಅವನು ಕೇಳಿದ್ದಕ್ಕೇ ಅವಳು ಹುಬ್ಬೇರಿಸಿದಳು. "ಇನ್ನೂ ಹಸಿರು."

ಮತ್ತೆ ಹೋದ, ಮತ್ತೆ ಬಂದ. "ಸ್ವಲ್ಪ ಪರವಾಗಿಲ್ಲ." ಅಷ್ಟು ಹೊತ್ತಿಗೆ ಭಾವಮೈದುನ ಅಕ್ಕನನ್ನು ಕರೆದುಕೊಂಡು ಹೋಗಲು ಕಾರು ತಂದಿದ್ದ. "ಏನ್ ಭಾವ, ಇನ್ನೂ ಈ ಡಬ್ಬಾಗಳ ಸಹವಾಸ ಬಿಟ್ಟಿಲ್ವಾ?" ಎಂದು ನಡುಮನೆಯಲ್ಲಿ ಕಾಲು ಚಾಚಿ ಕೂತ. ಅವಳು ಸೂಟ್‌ಕೇಸ್ ತೆರೆದಿಟ್ಟೇ, "ಓಡಾಡಬೇಡಿ, ನಾನೇ ಬರ್ತೀನಿ" ಎಂದು ಪ್ರಿಂಟರಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಆ ಸ್ಟೂಲಿನ ಮೇಲೆ ಅವಳು ಕೂತದ್ದನ್ನು ಅವನು ನೋಡಿರಲಿಲ್ಲ.

"ಈಗ?"

"ಅಯ್ಯೋ, ಗುಲಾಬಿ! ನಾಟಕಕ್ಕೆ ಬಣ್ಣ ಹಚ್ಚಿದ ಹಾಗಿದೆ."

ಇಬ್ಬರೂ ನಕ್ಕರು. ಅವಳ ಭುಜ ಅವನ ತೋಳಿಗೆ ತಾಗಿತು, ತಾಗಿಯೇ ಇತ್ತು. ಒಂದು ತೊಟ್ಟು ಹೆಚ್ಚಾದರೆ ಇವಳು ಇನ್ನಷ್ಟು ಹೊತ್ತು ಕೂರುತ್ತಾಳೆ ಎಂಬ ಯೋಚನೆ ಅವನಿಗೆ ಬಂತು. ಒಂದು ಸಾಕು ಅನ್ನುವಲ್ಲಿ ಎರಡು ತೊಟ್ಟು ಬಿಟ್ಟ. ಕೆಡಿಸಿದ. ಸರಿ ಮಾಡಿದ. ಮತ್ತೆ ಬೇಕೆಂದೇ ಕೆಡಿಸಿದ. ಇಷ್ಟು ಸಂತೋಷವಾಗಿ ಅವನು ಯಾವ ಕೆಲಸವನ್ನೂ ಕೆಡಿಸಿರಲಿಲ್ಲ. ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೇಳಿ" ಅಂದಳು ಅವಳು.

"ಆ ಬಾಟಲಿ ಮುಚ್ಚಳ ಕೊಡು."

ಕೊಟ್ಟಳು.

"ಅಕ್ಕಾ, ದಾರೀಲಿ ಕತ್ತಲಾಗುತ್ತೆ ಕಣೇ" ಎಂದು ನಡುಮನೆಯಿಂದ ತಮ್ಮ ಕೂಗಿದ.

ಈ ಸಲ ಪಟ್ಟಿಯಲ್ಲ, ಇಡೀ ಫೋಟೋ ಅಚ್ಚು ಹಾಕಿದ. ಅವಳು ಅದರ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಬಹಳ ಹೊತ್ತು ಬೆನ್ನು ತಿರುಗಿಸಿಯೇ ನಿಂತಿದ್ದಳು.

"ಸರಿಯಾಗಿದೆ."

"ನಿಜವಾಗ್ಲೂ?"

"ಸರಿಯಾಗಿದೆ ರೀ. ನೀವೇ ಇಟ್ಕೊಳ್ಳಿ."

ಅವನು ಅವಳ ಮುಖ ನೋಡಿದ, ಫೋಟೋ ನೋಡಿದ. ಮೊದಲಿನದಕ್ಕೂ ಇದಕ್ಕೂ ಅವನ ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕಾರಿನ ಹತ್ತಿರ ಅವಳು ಬಾಗಿಲು ಹಾಕದೆ ಸ್ವಲ್ಪ ತಡೆದಳು.

"ನೀರಿನ ಬಾಟಲಿ ತಗೊಂಡ್ಯಾ?" ಎಂದ.

"ತಗೊಂಡೆ."

ಕಾರು ತಿರುವಿನಲ್ಲಿ ಮರೆಯಾಯಿತು. ಅವನು ಒಳಗೆ ಬಂದು ಫೋಟೋದ ಮುಂದೆ ಕೂತ. ಸರಿಯಾಗಿದೆ ಅಂದದ್ದು ಸರಿಯಾಗಿದ್ದುದಕ್ಕೋ, ಹೊತ್ತಾಯಿತು ಅಂತಲೋ? ಇಷ್ಟು ವರ್ಷ ಚೆನ್ನಾಗಿದೆ ಅಂದದ್ದೂ ಇದೇ ದನಿಯಲ್ಲಿ ಅಲ್ಲವೇ? ಕೇಳೋಣವೆಂದರೆ ಬಣ್ಣ ಕಾಣುವ ಕಣ್ಣು ಮನೆಯಲ್ಲಿ ಇನ್ನೊಂದಿರಲಿಲ್ಲ. ಕೂರಲಾಗಲಿಲ್ಲ. ಫೋಟೋವನ್ನು ಎರಡು ಕೈಯಲ್ಲಿ ಅಂಚು ಹಿಡಿದು, ಚಪ್ಪಲಿ ಮೆಟ್ಟಿ ಬೀದಿಗಿಳಿದ.

ರಸ್ತೆಯ ಕೊನೆಯ ಔಷಧಿ ಅಂಗಡಿಯಲ್ಲಿ ಬಿಳಿ ದೀಪ ಜೋರಾಗಿತ್ತು. ಬಣ್ಣ ನೋಡಲು ಒಳ್ಳೆಯ ಬೆಳಕು. ಅಂಗಡಿಯವನು ಹಳೆಯ ಪರಿಚಯದವನು. ಎರಡು ಕೈಯಲ್ಲಿ ಹಿಡಿದ ಕಪ್ಪು ಬಿಳುಪಿನ ಫೋಟೋ ಕಂಡದ್ದೇ ಕೈಯಲ್ಲಿದ್ದ ಮಾತ್ರೆ ಕೆಳಗಿಟ್ಟು ಎದ್ದುನಿಂತ.

"ಅಯ್ಯಯ್ಯೋ ಸಾರ್! ಮೊನ್ನೆ ತಾನೆ ಬಂದು ತಲೆನೋವಿನ ಮಾತ್ರೆ ತಗೊಂಡು ಹೋದ್ರಲ್ಲ ಮೇಡಮ್ಮು. ನಗ್ತಾ ಮಾತಾಡಿಸಿ ಹೋದ್ರು. ದೇವರಿಗೆ ಕಣ್ಣಿಲ್ವಾ?"

ಅವನಿಗೆ ಅರ್ಥವಾಯಿತು. ಇಲ್ಲ, ಬದುಕಿದ್ದಾಳೆ, ವರ್ಗವಾಗಿ ಬೇರೆ ಊರಿಗೆ ಹೊರಟಳು ಅಷ್ಟೆ. ಇಷ್ಟು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಗಡಿಯವನು ಹೊರಗೆ ಬಂದು ಅವನ ತೋಳು ಹಿಡಿದುಕೊಂಡಿದ್ದ. ಹಿಡಿತ ಬೆಚ್ಚಗಿತ್ತು.

"ಇದರಲ್ಲಿ ಹಸಿರು ಇದೆಯಾ?" ಎಂದಷ್ಟೇ ಅವನ ಬಾಯಿಂದ ಬಂತು.

ಅಂಗಡಿಯವನು ಫೋಟೋ ನೋಡಲಿಲ್ಲ, ಅವನನ್ನು ನೋಡಿದ. ಚಿಕ್ಕ ಮಗುವಿಗೆ ಹೇಳುವ ಹಾಗೆ, "ಇಲ್ಲ ಸಾರ್, ಹಸಿರೂ ಇಲ್ಲ ಏನೂ ಇಲ್ಲ. ಎಲ್ಲ ಸರಿಯಾಗಿದೆ. ಬನ್ನಿ, ಕೂತ್ಕೊಳ್ಳಿ" ಅಂದ.

ಪ್ಲಾಸ್ಟಿಕ್ ಕುರ್ಚಿ ಬಂತು. ಯಾರೋ ರೇಡಿಯೋ ನಿಲ್ಲಿಸಿದರು. ಮಾತ್ರೆ ಕೊಳ್ಳಲು ಬಂದಿದ್ದ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಇಂಕು ಹಸಿಯಾಗಿತ್ತು, ಮಡಿಸುವ ಹಾಗಿಲ್ಲ, ಕವುಚಿ ಹಾಕುವ ಹಾಗೂ ಇಲ್ಲ. ಅವನು ಅದನ್ನು ಮಡಿಲ ಮೇಲೆ ನೆಟ್ಟಗೆ, ಮುಖ ಬೀದಿಗೆ ಮಾಡಿ ಹಿಡಿದುಕೊಂಡು ಕೂತ. ಹೋಗುವವರು ನಡಿಗೆ ನಿಧಾನ ಮಾಡಿದರು. ಅವನಿಗೆ ಅಳು ಬಂತು. ಬರಲಿ ಎಂದು ಬಿಟ್ಟ.

"ಯಾರಿಗಾದ್ರೂ ತಿಳಿಸ್ಬೇಕಾ ಸಾರ್? ನಂಬರ್ ಹೇಳಿ, ನಾನು ಮಾಡ್ತೀನಿ."

ಅವನಿಗೆ ಬಾಯಿಪಾಠ ಬರುತ್ತಿದ್ದ ನಂಬರು ಒಂದೇ. ಒಂದೊಂದೇ ಅಂಕಿ ಹೇಳಿದ. ಅಂಗಡಿಯವನು ಒತ್ತಿದ, ರಿಂಗಾಗುತ್ತಿದೆ ಎಂದು ಸನ್ನೆ ಮಾಡಿದ. ಅವನ ಎರಡು ಕೈಗೂ ಬಿಡುವಿಲ್ಲದ್ದು ಕಂಡು ತಾನೇ ಫೋನನ್ನು ಅವನ ಕಿವಿಗೆ ಹಿಡಿದ.

"ಹಲೋ?" ಅಂದಳು ಹೆಂಡತಿ. ಹಿಂದೆ ಕಾರಿನ ಸದ್ದು. "ಹಲೋ, ಯಾರು ಮಾತಾಡ್ತಿರೋದು?"

ಸುತ್ತ ನಿಂತವರು ತಲೆ ತಗ್ಗಿಸಿದರು.

"ಹಲೋ? ಮಾತಾಡಿ."