ಗಿಡ್ಡ ಕುರ್ಚಿ, ನೋಯುವ ದವಡೆ

ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅವಳು ಹೊಲಿಗೆಯಂಗಡಿಯ ಬಾಗಿಲು ತೆಗೆದಳು. ಗಂಡ ತೀರಿಹೋದ ಮೇಲೆ ಅದೇ ಮೊದಲ ಕೆಲಸದ ದಿನ. ಅವನು ಅರ್ಧ ಹೊಲಿದ ಅಂಗಿ ಸೂಜಿಯ ಕೆಳಗೆ ಹಾಗೆಯೇ ಇತ್ತು. ಅವಳು ತನ್ನ ಎತ್ತರದ ಸ್ಟೂಲನ್ನು ಮೂಲೆಗೆ ಸರಿಸಿ, ಅವನ ಗಿಡ್ಡ ಕುರ್ಚಿಯಲ್ಲಿ ಕೂತಳು.

ಉದ್ದ ಕಾಲಿನ ಮನುಷ್ಯ. ಮೊಣಕಾಲು ಮೆಷಿನ್ನಿಗೆ ತಗಲುತ್ತದೆಂದು ಆ ಕುರ್ಚಿ ಹುಡುಕಿ ತಂದಿದ್ದ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹರಟುತ್ತಿದ್ದ. ಅರ್ಧ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ಗಿರಾಕಿಗಳು ನಗುತ್ತಿದ್ದರು.

ತಿಂಗಳು ಕಳೆಯುವಷ್ಟರಲ್ಲಿ ಅವಳ ದವಡೆ ಹಲ್ಲು ನೋಯತೊಡಗಿತು. ಎದ್ದ ಕೂಡಲೇ ಬಾಯಿ ತೆರೆಯುವುದೇ ಕಷ್ಟ. ತಲೆಯೂ ಸಿಡಿಯುತ್ತಿತ್ತು. ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆಸಿ, "ಹಲ್ಲು ಗಟ್ಟಿಯಾಗಿದೆ" ಎಂದರು. ಅವಳು ನಂಬಲಿಲ್ಲ.

"ನಾಳೆ ಬೇರೆ ಡಾಕ್ಟರ ಹತ್ರ ಹೋಗಿ ಕೀಳಿಸ್ಕೊಂಡೇ ಬರ್ತೀನಿ."

"ಕೀಳಿಸಿ ಬಿಸಾಕು," ಎಂದರು ಗುಂಡಿ ಹಚ್ಚುತ್ತಿದ್ದ ಅತ್ತೆ. "ನಂದೂ ಹಾಗೇ ಹೋಯ್ತು."

ಕೋಟಿನ ತೋಳು ಸರಿಮಾಡಿಸಲು ಬಂದಿದ್ದ ಎದುರುಮನೆಯ ನರ್ಸಕ್ಕನ ಕಿವಿಗೆ ಇದು ಬಿತ್ತು. "ಗಟ್ಟಿ ಹಲ್ಲು ಕೀಳಿಸ್ತೀಯಾ? ಎಲ್ಲಿ, ಸ್ವಲ್ಪ ಹೊಲಿ, ನೋಡೋಣ."

ಅವಳು ಹೊಲಿದಳು.

"ನಿನ್ನ ಭುಜ ಕಿವಿ ಹತ್ರ ಹೋಗಿ ಏನು ಗುಟ್ಟು ಹೇಳ್ತಿದೆ? ಹಲ್ಲು ಎಲ್ಲಿವೆ ಈಗ?"

"ಬಾಯಲ್ಲಿ."

"ಅದು ಗೊತ್ತು ತಾಯಿ! ಕಚ್ಚಿಕೊಂಡಿದ್ದೀಯಾ?"

ಕಚ್ಚಿಕೊಂಡಿದ್ದಳು. ಬಾಯಲ್ಲಿ ಗುಂಡುಸೂಜಿ ಒಂದೂ ಇರಲಿಲ್ಲ.

"ಕುರ್ಚಿ ಗಿಡ್ಡ. ಕೈ ಎಟುಕಲಿ ಅಂತ ಭುಜ ಏರುತ್ತೆ. ಭುಜ ಏರಿದ್ರೆ ಕತ್ತು ಬಿಗಿಯುತ್ತೆ, ಅದರ ಜೊತೆ ದವಡೆನೂ. ಮೇಲೆ ಮನಸ್ಸಿನ ಭಾರ ಬೇರೆ."

"ಕೂರೋದಕ್ಕೂ ಹಲ್ಲಿಗೂ ಏನಮ್ಮ ನಂಟು?" ಎಂದು ಅತ್ತೆ ನಕ್ಕರು.

ನರ್ಸಕ್ಕ ಸೊಸೆಯತ್ತ ತಿರುಗಿದರು. "ಬಟ್ಟೆ ಅಡಿಯಲ್ಲಿ ದಾರ ಗಂಟುಗಂಟಾದ್ರೆ ನೀನು ಏನು ನೋಡ್ತೀಯ?"

"ಮೇಲಿನ ದಾರ," ಎಂದವಳ ಕೈ ದವಡೆಗೆ ಹೋಯಿತು. ಗಂಟು ಕಾಣುವುದು ಒಂದು ಕಡೆ, ಬಿಗಿ ತಪ್ಪಿರುವುದು ಇನ್ನೊಂದು ಕಡೆ. ಹೇಳಿಕೊಟ್ಟವನು ಅವನೇ.

"ಭುಜ ಇಳಿಸು. ತುಟಿ ಮುಚ್ಚಿರಲಿ, ಹಲ್ಲು ಒಂದಕ್ಕೊಂದು ತಾಗಬಾರದು. ಈಗ ಉಸಿರು ಬಿಡು, ನಿಧಾನಕ್ಕೆ."

ಉಸಿರಿನ ಹಿಂದೆಯೇ ಅಳು ಬಂತು, ಇಷ್ಟು ದಿನದಲ್ಲಿ ಮೊದಲ ಸಲ. ಅತ್ತೆ ಸೂಜಿ ಕೆಳಗಿಟ್ಟು ಅವಳ ಬೆನ್ನು ಸವರಿದರು.

"ಕುರ್ಚಿ ಮಾತ್ರ ಬಿಡಲ್ಲ ಅಕ್ಕ. ಅದು ಅವರದು."

"ಅವನದೆಲ್ಲಿ? ನಮ್ಮನೇದು! 'ಎರಡು ದಿನಕ್ಕೆ ಕೊಡಕ್ಕ' ಅಂತ ಹೊತ್ಕೊಂಡು ಬಂದ ಪುಣ್ಯಾತ್ಮ. ಕೇಳಿದಾಗೆಲ್ಲ 'ನಾಳೆ' ಅಂತಿದ್ದ."

"ನನ್ನ ಮಗನೇ ಸರಿ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಸ್ಟೂಲು ಮತ್ತೆ ಮೆಷಿನ್ನಿನ ಮುಂದೆ ಬಂತು. ಕೆಲಸದ ನಡುವೆ ಅವಳು ಎದ್ದು ಕತ್ತು, ಭುಜ ಆಡಿಸುತ್ತಿದ್ದಳು. ಮರೆತರೆ ಅತ್ತೆಯೇ, "ಏ, ಹಲ್ಲು!" ಎಂದು ಎಚ್ಚರಿಸುತ್ತಿದ್ದರು. ದಿನ ಕಳೆದಂತೆ ನೋವು ಇಳಿಯಿತು. ಹಲ್ಲು ಉಳಿಯಿತು.

ನೀವೂ ಓದುವುದನ್ನು ಒಂದು ಕ್ಷಣ ನಿಲ್ಲಿಸಿ. ಹಲ್ಲು ಕಚ್ಚಿಕೊಂಡಿದ್ದೀರಾ? ಭುಜ ಏರಿದೆಯೇ? ಸಡಿಲ ಬಿಡಿ. ನೋವಿದ್ದರೆ ಡಾಕ್ಟರಿಗೆ ತೋರಿಸಿ, ಜೊತೆಗೆ ನೀವು ಕೂರುವ ರೀತಿಯನ್ನೂ, ಮನಸ್ಸಿನ ಭಾರವನ್ನೂ ಹೇಳಿ. ನೋಯುವ ಜಾಗ ಒಂದು, ಬಿಗಿದ ಜಾಗ ಇನ್ನೊಂದು ಇರಬಹುದು.

ಒಂದು ಸಂಜೆ ಅವಳು ಗಿಡ್ಡ ಕುರ್ಚಿಯನ್ನು ಒರೆಸಿ, ಎತ್ತಿಕೊಂಡು ರಸ್ತೆ ದಾಟಿದಳು. ಎದುರುಮನೆಯ ಬಾಗಿಲಲ್ಲಿ ಇಳಿಸಿ ಹೇಳಿದಳು:

"ತಗೋಳಿ ಅಕ್ಕ. ಅವರು ಹೇಳಿದ್ದ 'ನಾಳೆ' ಇವತ್ತು ಬಂತು."