ಮಾವನವರು ಬಿಟ್ಟ ಚಿಕೋರಿ

ನಮ್ಮ ಮಾವ ಶಾಂತರಾಜಯ್ಯನವರು ಪ್ರತಿವರ್ಷ ಚಾತುರ್ಮಾಸದಲ್ಲಿ ಒಂದು ಪದಾರ್ಥ ಬಿಡುತ್ತಾರೆ. ಮಳೆಗಾಲದ ಆ ನಾಲ್ಕು ತಿಂಗಳು ಮುನಿಗಳು ಒಂದೇ ಊರಲ್ಲಿ ನಿಲ್ಲುವುದು, ಸಂಸಾರಸ್ಥರು ಅವರೆದುರು ಕೈಮುಗಿದು ಇಂಥದ್ದು ತಿನ್ನುವುದಿಲ್ಲ ಅಂತ ನಿಯಮ ಹಿಡಿಯುವುದು ನಮ್ಮ ಜೈನರಲ್ಲಿ ಹಿಂದಿನಿಂದ ಬಂದದ್ದು. ಬೇರೆಯವರು ತುಪ್ಪ ಬಿಡುತ್ತಾರೆ, ಬೆಲ್ಲ ಬಿಡುತ್ತಾರೆ. ಮಾವನವರು ಹೋದ ವರ್ಷ ಹಲಸಿನಹಣ್ಣು ಬಿಟ್ಟರು. ಅದನ್ನು ತಿಂದರೆ ಅವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅದರ ಹಿಂದಿನ ವರ್ಷ ಪಿಜ್ಜಾ ಬಿಟ್ಟರು. ಅದನ್ನು ಅವರು ನೋಡಿದ್ದೇ ಟೀವಿಯಲ್ಲಿ. ಈ ವರ್ಷ ಬಸದಿಯಲ್ಲಿ ಎಲ್ಲರೆದುರು ಎದ್ದು ನಿಂತು, ಶಲ್ಯ ಸರಿಮಾಡಿಕೊಂಡು, ಚಿಕೋರಿ ಬಿಟ್ಟೆ ಅಂದರು.

"ಆಲೂಗಡ್ಡೆ, ಈರುಳ್ಳಿ ನಾವು ಮುಟ್ಟಲ್ಲ. ಚಿಕೋರಿನೂ ನೆಲದೊಳಗಿನ ಬೇರೇ ತಾನೆ? ಅದನ್ನ ಹುರಿದು ಕಾಫಿಗೆ ಬೆರೆಸಿ ಕುಡಿಯೋದು ನಾಲಿಗೆಗೂ ಮೋಸ, ಧರ್ಮಕ್ಕೂ ಮೋಸ. ನಮ್ಮ ಮನೆಯೊಳಗೆ ಅದು ಯಾವತ್ತೂ ಕಾಲಿಟ್ಟಿಲ್ಲ. ಆದರೂ ನಿಯಮ ಅಂತ ಇರಲಿ."

ಜನ ತಲೆದೂಗಿದರು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಮನೆಯಲ್ಲಿ ಇಲ್ಲದ್ದನ್ನು ಬಿಡುವುದರಲ್ಲಿ ನಮ್ಮ ಮಾವನವರನ್ನು ಮೀರಿಸುವವರು ಚನ್ನರಾಯಪಟ್ಟಣದಲ್ಲೇ ಇಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅತ್ತೆ ಸುನಂದಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅತ್ತೆ ಪಿಸುಗುಟ್ಟಿದರು. "ತ್ರಿಶಲಾ, ನಮ್ಮ ಪುಡೀಲಿ ಚಿಕೋರಿ ಇದೆ ಕಣೆ."

"ಎಷ್ಟು?"

"ಮೂರರಲ್ಲೊಂದು ಪಾಲು."

ಹಾಸನದ ಈಶ್ವರಯ್ಯನವರ ಕಾಫಿಪುಡಿ ಅಂಗಡಿಯಿಂದ ಆ ಪುಡಿ ಹೊತ್ತು ತರುವವಳು ನಾನೇ. ನನ್ನ ಆಫೀಸು ಇರುವುದು ಹಾಸನದಲ್ಲಿ. ಅತ್ತೆ ಫೋನು ಮಾಡಿರುತ್ತಾರೆ, ಅವರು ಪೊಟ್ಟಣ ಕಟ್ಟಿಟ್ಟಿರುತ್ತಾರೆ, ನಾನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತುತ್ತೇನೆ. ಒಳಗೆ ಏನಿದೆ ಅಂತ ಒಂದು ದಿನವೂ ಕೇಳಿದವಳಲ್ಲ. ಮಾವನವರಂತೂ ಪುಡಿ ಅಂಗಡಿಯ ಮೆಟ್ಟಿಲನ್ನೇ ಹತ್ತಿದವರಲ್ಲ. ಅವರದು ಪಾತ್ರೆ ಅಂಗಡಿ. ಈಗ ನನ್ನ ಗಂಡ ಜಿನೇಶ್ ನೋಡಿಕೊಳ್ಳುತ್ತಾರೆ, ಮಾವನವರು ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕ ಕೂರುತ್ತಾರೆ. ಯಾರಾದರೂ ಫಿಲ್ಟರ್ ಕೊಳ್ಳಲು ಬಂದರೆ ಫಿಲ್ಟರಿನ ಜೊತೆ ಒಂದು ಉಪನ್ಯಾಸ ಉಚಿತ. ನೀರು ಕುದಿ ಬಂದು ಒಂದು ಗಳಿಗೆ ಆರಬೇಕು, ಪುಡಿಯನ್ನು ಮೆಲ್ಲಗೆ ಒತ್ತಬೇಕು, ಚಿಕೋರಿ ಹಾಕಿದವರ ಮನೆಯಲ್ಲಿ ನೀರು ಕೂಡ ಕುಡಿಯಬಾರದು. ಇಷ್ಟು ಹೇಳುವ ಮನುಷ್ಯ ಒಲೆಯ ಮುಂದೆ ನಿಂತದ್ದನ್ನು ನಾನು ಕಂಡಿಲ್ಲ.

"ಯಾಕತ್ತೆ ಹಾಕಿದ್ರಿ?" ಅಂದೆ.

"ಮದುವೆಯಾದ ಹೊಸದು. ನಾನು ಮಾಡಿದ ಕಾಫಿ ಅರ್ಧ ಲೋಟ ಬಿಟ್ಟು ಎದ್ದು ಅಂಗಡಿಗೆ ಹೋಗೋರು. ಬೈತಿರಲಿಲ್ಲ, ಏನೂ ಅಂತಿರಲಿಲ್ಲ. ಬೈದಿದ್ರೂ ವಾಸಿಯಿತ್ತು. ಒಂದ್ಸಲ ಪುಡಿಯೋನು ಯಾರಿಗೋ ಕಟ್ಟಿದ ಚಿಕೋರಿ ಪುಡಿ ನಮಗೆ ಕೊಟ್ಟುಬಿಟ್ಟ. ಅವತ್ತು ಲೋಟ ಬರಿದಾಯ್ತು. ಇದು ಕಣೆ ಕಾಫಿ ಅಂದ್ರು. ಈ ಮನೇಲಿ ನನಗೆ ಸಿಕ್ಕ ಮೊದಲನೇ ಹೊಗಳಿಕೆ ಅದು. ಆಗಲೇ ಇವರು ಚಿಕೋರಿ ಅಂದ್ರೆ ಮೂಗು ಮುರಿಯೋರು. ಹೆಂಗೆ ಹೇಳ್ಲಿ?"

ಹೇಳದೆ ಐವತ್ತು ವರ್ಷ ಕಳೆದಿತ್ತು. ಆ ಕಾಫಿಗೆ ಬೀದಿಯಲ್ಲೆಲ್ಲ ಹೆಸರು ಬಂದಿತ್ತು. ಈಗ ಹಾಕಿದರೆ ಗಂಡನ ನಿಯಮ ಮುರಿದ ಪಾಪ, ಹೇಳಿದರೆ ಗಂಡನ ಮರ್ಯಾದೆ ಬೀದಿಪಾಲು, ಸುಮ್ಮನೆ ಬಿಟ್ಟರೆ ಅತ್ತೆಯ ಕಾಫಿ ಹೋಯಿತು. ಅತ್ತೆ ಮೂರನೆಯದನ್ನು ಆರಿಸಿಕೊಂಡರು. ಮರುದಿನ ಬೆಳಗಿನಿಂದ ಅಪ್ಪಟ ಕಾಫಿ.

ಮಾವನವರು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದರು. ಎರಡನೆಯ ದಿನ ಹಾಲಿನ ಲಕ್ಕಣ್ಣನನ್ನು ಜಗಲಿಯಲ್ಲಿ ನಿಲ್ಲಿಸಿಕೊಂಡರು. "ಏನೋ ಲಕ್ಕಣ್ಣ, ಹಸು ಹಾಲು ಕೊಡ್ತಾ ಇದೆಯೋ ಮಳೆನೀರು ಕೊಡ್ತಾ ಇದೆಯೋ?"

"ಅಯ್ಯೋ ಸಾ, ಅದೇ ಅಸ, ಅದೇ ಆಲು. ನಿಮ್ ಬಾಯೇ ಕೆಟ್ಟೈತೇನೋ, ಜ್ವರಗಿರ ಬಂದದಾ ನೋಡ್ಕಳಿ" ಅಂದ ಲಕ್ಕಣ್ಣ.

ಹಾಲಾಯಿತು, ಮೂರನೆಯ ದಿನ ಫಿಲ್ಟರಿನ ಸರದಿ. ತಮ್ಮ ಅಂಗಡಿಯಿಂದಲೇ ಹೊಸ ಹಿತ್ತಾಳೆ ಫಿಲ್ಟರು ತಂದರು. ಡಿಕಾಕ್ಷನ್ ಇಳಿಯುವುದನ್ನು ಹೊರಗಿನಿಂದಲೇ ಕೂಗಿ ಕೂಗಿ ವಿಚಾರಿಸಿದರು. ಅದೂ ಹಿಡಿಸಲಿಲ್ಲ. ಅರ್ಧ ಲೋಟ ಕೆಳಗಿಟ್ಟು, "ನಿನಗೂ ವಯಸ್ಸಾಯ್ತು ಸುನಂದಾ, ಕೈ ಹದ ತಪ್ಪಿದೆ" ಅಂತ ಎದ್ದು ಹೋದರು. ಕೆಟ್ಟದಾಗಿ ಅಂದದ್ದಲ್ಲ, ಮರುಕದಿಂದಲೇ ಅಂದರು. ಅದಕ್ಕೇ ನನಗೆ ಮೈ ಉರಿದದ್ದು. ಅತ್ತೆ ಆ ಅರ್ಧ ಲೋಟವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು.

ನನಗೆ ಸಿಟ್ಟು ಬಂದರೆ ಕೆಲಸ ಚೆನ್ನಾಗಿ ಆಗುತ್ತದೆ. ಚಿಕೋರಿಯಿಲ್ಲದೆ ಚಿಕೋರಿಯ ರುಚಿ ತರಿಸದಿದ್ದರೆ ನನ್ನ ಹೆಸರು ತ್ರಿಶಲಾ ಅಲ್ಲ ಅಂದುಕೊಂಡು ಆಫೀಸಿನಲ್ಲೇ ಪ್ರಯೋಗ ಶುರುಮಾಡಿದೆ. ನಮ್ಮ ಪಕ್ಕದ ಟೇಬಲ್ಲಿನ ರವೀಶ್ ಅರಕಲಗೂಡಿನವನು. ಅವನ ಮಾವನಿಗೆ ನಾಲ್ಕು ಕಾಫಿ ಗಿಡ ಇರುವುದರಿಂದ ಕಾಫಿಯ ಬಗ್ಗೆ ಮಾತಾಡುವ ಹಕ್ಕು ಜಿಲ್ಲೆಯಲ್ಲಿ ತನಗೊಬ್ಬನಿಗೇ ಇದೆ ಅಂತ ತಿಳಿದಿದ್ದಾನೆ.

"ಮೇಡಂ, ನಿಮ್ಗೆ ಬೇಕಾಗಿರೋದು ಗಟ್ಟಿತನ ಕಣ್ರೀ. ಅರೇಬಿಕಾ ಬರೀ ಗಮ್ಮನೆ ವಾಸ್ನೆ, ಬಾಯಿಗೇನೂ ಇಲ್ಲ. ರೋಬಸ್ಟಾ ಆಕಿ, ಕಪ್ಪಗೆ ಉರಿಸಿ. ಎಂಗೆ ನಿಂತ್ಕತದೆ ನೋಡಿ" ಅಂದ.

ಅಲ್ಲಿಂದ ಒಂದು ವಾರ ನಮ್ಮ ಆಫೀಸಿನಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಈಶ್ವರಯ್ಯನವರ ಹತ್ತಿರ ಕಪ್ಪಗೆ ಹುರಿಸಿದೆ, ಇನ್ನೂ ಕಪ್ಪಗೆ ಹುರಿಸಿದೆ, ನುಣ್ಣಗೆ ಬೀಸಿಸಿದೆ. ಅತಿ ನುಣ್ಣಗಾಗಿ ಡಿಕಾಕ್ಷನ್ ಇಳಿಯದೆ ಮಧ್ಯಾಹ್ನದವರೆಗೂ ಫಿಲ್ಟರನ್ನು ತಟ್ಟುತ್ತ ಕೂತೆವು. ಹೊಳೆನರಸೀಪುರದಿಂದ ಬರುವ ವರ್ಷಾ ಒಂದು ಲೋಟ ಕುಡಿದು, "ಇದಕ್ಕೆ ಒಗ್ಗರಣೆ ಒಂದು ಬಾಕಿ ಅಕ್ಕ, ಸಾರಾಗ್ತದೆ" ಅಂದಳು. ಮೂರು ವರ್ಷದಿಂದ ಬಾಕಿಯಿದ್ದ ಫೈಲುಗಳು ಆ ವಾರ ಮುಗಿದವು. ಕೊನೆಗೆ ಅರ್ಧ ರೋಬಸ್ಟಾ, ಅರ್ಧ ಪೀಬೆರಿ ಅನ್ನುವ ಗುಂಡುಬೀಜ, ಚಿಟಿಕೆ ಬೆಲ್ಲದ ಪಾಕ ಹಾಕಿದ ಒಂದು ಹದ ಸಿಕ್ಕಿತು. ಪರವಾಗಿಲ್ಲ ಅನ್ನುವ ಹಾಗಿತ್ತು. ಗೆದ್ದೆ ಅಂದುಕೊಂಡು ಮನೆಗೆ ತಂದೆ.

ಮಾವನವರು ಕುಡಿದರು. ತುಟಿ ಒರೆಸಿಕೊಂಡರು. ಮುಕ್ಕಾಲು ಲೋಟ ಮುಗಿದಿತ್ತು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆವು.

"ಇದನ್ನ ಮಾಡಿದ್ದು ಯಾರು?"

"ಪುಡಿ ನಾನು ತಂದೆ" ಅಂದೆ.

"ಹಂಗನ್ನು. ವಾಸಿ ಇದೆ. ಹಳೆಯದಕ್ಕೆ ಸಮ ಅಲ್ಲ, ಆದರೂ ವಾಸಿ." ಅತ್ತೆಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ನೋಡೇ, ನಾಳೆಯಿಂದ ಕಾಫಿ ತ್ರಿಶಲಾ ಮಾಡಲಿ. ಅಂಗಡಿಗೇ ಕಳಿಸಿಬಿಡಮ್ಮ, ನಾನು ಅಲ್ಲೇ ಕುಡೀತೀನಿ. ಇವಳು ಬೆಳಿಗ್ಗೆ ಇನ್ನೊಂದು ಗಳಿಗೆ ಮಲಗಲಿ. ಎಷ್ಟು ವರ್ಷ ಅಂತ ದುಡೀತಾಳೆ?"

ಒಳ್ಳೆಯ ಗಂಡನಾಗಲು ಅವರು ಆರಿಸಿಕೊಂಡ ದಿನ ಅದು. ಅತ್ತೆ ಕೈಯಲ್ಲಿದ್ದ ಫಿಲ್ಟರನ್ನು ಎದೆಗೆ ಅವಚಿಕೊಂಡರು. ಸೊಸೆಗೆ ಅಡುಗೆಮನೆಯ ಬೀಗದ ಕೈಯನ್ನೇ ಎಂದೋ ನಗುತ್ತ ಕೊಟ್ಟ ಹೆಂಗಸು, ಈ ಒಂದು ಲೋಟಕ್ಕೆ ಇಷ್ಟು ಕಂಗಾಲಾದದ್ದು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

"ನನ್ನ ಕೈ ಹದ ತಪ್ಪಿಲ್ಲ" ಅಂದರು ಅತ್ತೆ. "ಚಿಕೋರಿ ತಪ್ಪಿದೆ. ಮದುವೆಯಾದ ವರ್ಷದಿಂದ ನೀವು ಕುಡಿದದ್ದು ಚಿಕೋರಿ ಕಾಫಿ. ನೀವು ನಿಯಮ ಹಿಡಿದ ದಿನದಿಂದ ಒಂದು ಚಿಟಿಕೆಯೂ ಹಾಕಿಲ್ಲ. ಕೆಟ್ಟಿದ್ದು ಅದಕ್ಕೆ."

ಮಾವನವರು ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಶಲ್ಯ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಬಸದಿಗೆ ನಡೆದರು.

ಅಲ್ಲಿ ಪಂಡಿತರು ಹೇಳಿದ್ದನ್ನು ಹಿಂದೆಯೇ ಹೋಗಿದ್ದ ಜಿನೇಶ್ ಆಮೇಲೆ ವರದಿ ಮಾಡಿದರು. ತಿಳಿಯದೆ ಕುಡಿದದ್ದಕ್ಕೆ ದೋಷವಿಲ್ಲ, ನಿಯಮ ಹಿಡಿದ ಮೇಲೆ ಕುಡಿದಿಲ್ಲವಲ್ಲ. ಇಷ್ಟಕ್ಕೂ ಅದು ಒಣಗಿದ ಬೇರು, ಒಣಶುಂಠಿ, ಅರಿಶಿನದ ಲೆಕ್ಕ, ಅನೇಕರು ಬಳಸುತ್ತಾರೆ. ಇದನ್ನು ಕೇಳಿ ಮಾವನವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರನ್ನು ಕೊರೆಯುತ್ತಿದ್ದದ್ದು ಬೇರಲ್ಲ, ಬಾಯಿ. ಐವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಮನೆಯ ಲೋಟದಲ್ಲೇ ಎಡವಿತ್ತು. ಎರಡು ದಿನ ಅಂಗಡಿಯಲ್ಲಿ ಫಿಲ್ಟರು ಕೊಳ್ಳಲು ಬಂದವರಿಗೆ ಬರೀ ಫಿಲ್ಟರು ಸಿಕ್ಕಿತು. ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ. ಕಾಫಿಯೂ ಬೇಡ ಅಂದರು. ಅತ್ತೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಏನು ಮಾಡುವುದೆಂದು ತೋಚದೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅವರನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ಭಾನುವಾರ ಮಾವನವರು ಇದ್ದಕ್ಕಿದ್ದ ಹಾಗೆ, "ಹೊರಡಿ, ಹಾಸನಕ್ಕೆ ಹೋಗಿ ಬರೋಣ" ಅಂದರು. ಯಾಕೆ ಅಂತ ಕೇಳುವ ಧೈರ್ಯ ಯಾರಿಗಿತ್ತು? ಮೂವರೂ ಬಸ್ ಹತ್ತಿದೆವು. ಶಾಂತಿಗ್ರಾಮ ದಾಟುವವರೆಗೂ ಅತ್ತೆ ಕಿಟಕಿಯಾಚೆ, ಮಾವ ಕಂಡಕ್ಟರನ ಬೆನ್ನು ನೋಡುತ್ತ ಕೂತಿದ್ದರು. ಇಳಿದ ಮೇಲೆ ಮಾವನವರು ಹಾದಿ ಕೇಳಿ ಕೇಳಿ ನಮ್ಮನ್ನು ಕರೆದೊಯ್ದು ನಿಲ್ಲಿಸಿದ್ದು ಈಶ್ವರಯ್ಯನವರ ಪುಡಿ ಅಂಗಡಿಯ ಮುಂದೆ. ನನ್ನನ್ನು ಕೇಳಿದ್ದರೆ ಅರ್ಧ ಹೊತ್ತಿನಲ್ಲಿ ತಲುಪುತ್ತಿದ್ದೆವು. ಆದರೆ ಸೊಸೆಯನ್ನು ಹಾದಿ ಕೇಳುವಷ್ಟು ಅವರು ಇನ್ನೂ ಇಳಿದಿರಲಿಲ್ಲ.

"ಬರ್ಬೇಕು ಸಾ. ಯಾವ್ದು ಕೊಡ್ಲಿ?" ಅಂದರು ಈಶ್ವರಯ್ಯ.

"ನನ್ನ ಕೇಳಬೇಡಪ್ಪ. ನನ್ನ ನಾಲಿಗೆಗೆ ಏನೂ ಗೊತ್ತಿಲ್ಲ ಅಂತ ಈಗ ಗೊತ್ತಾಗಿದೆ." ಮಾವನವರು ಅತ್ತೆಯ ಕಡೆ ತಿರುಗಿದರು. ಮುಖ ಬಿಗಿದೇ ಇತ್ತು, ದನಿ ಮಾತ್ರ ಸಣ್ಣದಾಗಿತ್ತು. "ಇಷ್ಟು ವರ್ಷ ನನಗೆ ಹಿಡಿಸೋದು ಮಾಡಿದೆ. ಈಗ ನಿನಗೆ ಯಾವುದು ಇಷ್ಟವೋ ಅದು ತಗೋ. ಚಿಕೋರಿ ಒಂದು ಬಿಟ್ಟು ಯಾವುದಾದರೂ ಸರಿ. ಅದನ್ನೇ ನಾನೂ ಕುಡೀತೀನಿ. ಹೇಳು."

ಅತ್ತೆ ಡಬ್ಬಿಗಳನ್ನೆಲ್ಲ ಒಂದು ಸುತ್ತು ನೋಡಿದರು. "ನಿಜ ಹೇಳ್ಲಾ?"

"ಇನ್ನೂ ಏನು ಬಾಕಿ ಇದೆ?"

"ನನಗೆ ಕಾಫಿ ಸೇರಲ್ಲ."

ಈಶ್ವರಯ್ಯನವರ ಕೈಯ ಚಮಚ ಡಬ್ಬಿಯ ಬಾಯಲ್ಲೇ ನಿಂತಿತು.

"ಮೊದಲಿಂದ್ಲೂ ಸೇರಲ್ಲ. ಅಪ್ಪಟದ್ದೂ ಇಲ್ಲ, ಚಿಕೋರೀದೂ ಇಲ್ಲ. ಟೀ ಆದ್ರೆ ಕುಡೀತೀನಿ."

"ದಿನಾ ಬೆಳಿಗ್ಗೆ ನನ್ನ ಎದುರು ಕೂತು ಕುಡೀತಿದ್ದೆಯಲ್ಲೇ."

"ನೀವು ದಿನಕ್ಕೊಂದು ಸಲ ನನ್ನ ಜೊತೆ ಕೂತು ಮಾತಾಡೋದು ಆ ಲೋಟ ಮುಗಿಯೋವರೆಗೆ" ಅಂದರು ಅತ್ತೆ. "ಅರ್ಧಕ್ಕೇ ಬಿಟ್ಟರೆ ಅರ್ಧಕ್ಕೇ ಎದ್ದು ಹೋಗ್ತಿದ್ರಿ."

ನಾನು ಕಣ್ಣೊರೆಸಿಕೊಂಡೆ. ಕಾಫಿಪುಡಿಯ ಘಾಟು ಅಂತ ಈಶ್ವರಯ್ಯನವರಿಗೆ ಹೇಳಿದೆ. ಅವರು ನಂಬಿದ ಹಾಗೆ ತಲೆಯಾಡಿಸಿದರು.

ಮಾವನವರು ಎದುರುಗಡೆಯ ಹೋಟೆಲ್ಲಿಗೆ ಅತ್ತೆಯನ್ನು ಕರೆದುಕೊಂಡು ಹೋಗಿ ಎರಡು ಟೀ ಹೇಳಿದರು. ನಾನು ಪುಡಿ ಅಂಗಡಿಯ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಅವರು ಟೀಯನ್ನು ಕಷಾಯದ ಹಾಗೆ ಮುಖ ಕಿವುಚಿಕೊಂಡು ಕುಡಿದರು, ಪೂರ್ತಿ ಕುಡಿದರು. ಲೋಟ ಬರಿದಾದ ಮೇಲೂ ಏಳಲಿಲ್ಲ.